ಶಾಖವನ್ನು ಹೊತ್ತು ತರುವ ಯಂತ್ರದ ಕತೆ

ಚಳಿಗಾಲ ಹತ್ತಿರವಾದಂತೆ ನಮ್ಮ ನ್ಯೂ ಇಂಗ್ಲೆಂಡಿನ ಕನ್ನಡಿಗರ ಕೂಟಗಳಲ್ಲಿ ಮಾತಿಗೊಂದು ಕ್ರಮವಿದೆ. ಮೊದಲು ಮಕ್ಕಳ ಕಾಲೇಜು, ನಂತರ ಊರಿನಲ್ಲಿ ಸೈಟಿನ ಬೆಲೆ, ಬಿಸಿಬೇಳೆ ಭಾತು ಮುಗಿಯುವ ಹೊತ್ತಿಗೆ ಮನೆ ಕಾಯಿಸುವ ಎಣ್ಣೆಯ ಬಿಲ್ಲು. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಯಾರಾದರೂ "ನಾವು ಡಕ್ಟ್ ಇಲ್ಲದ ಹೀಟ್ ಪಂಪು ಹಾಕಿಸಿದೆವು" ಎಂದರೆ ಸಾಕು, ಪಕ್ಕದವರು ಕೇಳುತ್ತಾರೆ: "ಅದು ನಮ್ಮ ಬೆಂಗಳೂರಿನ ಎ.ಸಿ. ತಾನೆ? ಬೇಸಿಗೆಗೆ ಸರಿ ಬಿಡಿ. ಹೊರಗೆ ಹಿಮ ಬಿದ್ದಾಗ ಅದೇನು ಮಾಡೀತು?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಇಂದಿನದಲ್ಲ. ಈ ಯಂತ್ರ ಕಾಗದದ ಮೇಲೆ ಹುಟ್ಟಿ ನೂರ ಎಪ್ಪತ್ತು ವರ್ಷಗಳೇ ಕಳೆದಿವೆ. ಇಂಧನ ಅಗ್ಗವಾಗಿದ್ದಾಗಲೆಲ್ಲ ಜನ ಇದನ್ನು ಮರೆತರು. ಇಂಧನ ತುಟ್ಟಿಯಾದಾಗಲೆಲ್ಲ ಅವಸರದಲ್ಲಿ ನೆನಪಿಸಿಕೊಂಡರು. ಹಾಗೆ ಅವಸರಪಟ್ಟ ಕೆಲವು ಕಡೆ ಯಂತ್ರಕ್ಕೆ ಕೆಟ್ಟ ಹೆಸರೂ ಬಂತು. ಇಂದು ನಮ್ಮಲ್ಲಿ ಹಲವರು ಇಂಥದೇ ಒಂದು ಅವಸರದ ನಡುವೆ ಇದ್ದೇವೆ. ಹಾಗಾಗಿ ಸಾವಿರಾರು ಡಾಲರಿನ ಚೆಕ್ಕಿಗೆ ಸಹಿ ಹಾಕುವ ಮೊದಲು ಈ ಕತೆಯನ್ನು ಒಮ್ಮೆ ತಿಳಿಯುವುದು ಒಳ್ಳೆಯದು.

ಏತ ಮತ್ತು ಮಣ್ಣಿನ ಹೂಜಿ

ಮೊದಲು ಯಂತ್ರದ ಗುಟ್ಟು. ನೀರು ತಾನಾಗಿ ಮೇಲಿನಿಂದ ಕೆಳಗೆ ಹರಿಯುತ್ತದೆ. ಬಾವಿಯ ನೀರನ್ನು ಗದ್ದೆಗೆ ಎತ್ತಬೇಕಾದರೆ ಏತ ಹೊಡೆಯಬೇಕು, ಇಲ್ಲವೇ ಎತ್ತು ಕಟ್ಟಿ ಕಪಿಲೆ ಹೂಡಬೇಕು. ಶಾಖವೂ ಹಾಗೆಯೇ. ಅದು ತಾನಾಗಿ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹೋಗುತ್ತದೆ; ತಂಪಿನಿಂದ ಬಿಸಿಯ ಕಡೆಗೆ ಎತ್ತಬೇಕಾದರೆ ದುಡಿಮೆ ಬೇಕು. ಹೀಟ್ ಪಂಪು ಎಂದರೆ ಶಾಖದ ಏತ. ಏತ ನೀರನ್ನು ಹೇಗೆ ಸೃಷ್ಟಿಸುವುದಿಲ್ಲವೋ ಹಾಗೆ ಇದು ಶಾಖವನ್ನು ಸೃಷ್ಟಿಸುವುದಿಲ್ಲ. ಹೊರಗಿರುವುದನ್ನು ಹೊತ್ತು ಒಳಗೆ ತರುತ್ತದೆ. ಹದವಾದ ಚಳಿಯಲ್ಲಿ ಒಂದು ಪಾಲು ವಿದ್ಯುತ್ತು ಖರ್ಚು ಮಾಡಿ ಸುಮಾರು ಮೂರು ಪಾಲು ಶಾಖ ಒಳಗೆ ತರಬಲ್ಲದು. ಮಾಮೂಲಿ ವಿದ್ಯುತ್ ಹೀಟರಿನಲ್ಲಿ ಒಂದಕ್ಕೆ ಒಂದೇ.

"ಹಿಮ ಬಿದ್ದ ಗಾಳಿಯಲ್ಲಿ ಶಾಖವೆಲ್ಲಿ?" ಎಂದು ಕೇಳಬಹುದು. ಶಾಖ ಪೂರ್ತಿ ಇಲ್ಲವಾಗುವುದು ಸೊನ್ನೆಗಿಂತ 273 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದಾಗ ಮಾತ್ರ. ಬಾಸ್ಟನ್ನಿನ ಜನವರಿ ನಮಗೆ ಎಷ್ಟೇ ಕ್ರೂರವೆನಿಸಿದರೂ ಆ ಲೆಕ್ಕದಲ್ಲಿ ಬೆಚ್ಚಗಿನ ಹವೆಯೇ ಸರಿ. ಆ ಶಾಖವನ್ನು ಹಿಡಿಯಲು ಬೇಕಾದದ್ದು ಗಾಳಿಗಿಂತಲೂ ತಂಪಾದ ಒಂದು ಪದಾರ್ಥ. ನಮ್ಮ ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೊರಮೈಯ ತೇವ ಆವಿಯಾಗುತ್ತ ಶಾಖವನ್ನು ಒಯ್ಯುವುದರಿಂದ. ನೀರಿನ ಬದಲಿಗೆ ಬಲು ಬೇಗ ಕುದಿಯುವ ದ್ರವವೊಂದನ್ನು ಕೊಳವೆಯಲ್ಲಿ ಇಟ್ಟರೆ? ಇಂದಿನ ಯಂತ್ರಗಳಲ್ಲಿರುವ ಆರ್-32 ಎಂಬ ಗ್ಯಾಸು, ಹೊರಗಿನ ಮಾಮೂಲಿ ಒತ್ತಡದಲ್ಲಿ, ಸೊನ್ನೆಗಿಂತ ಸುಮಾರು 52 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಅದಕ್ಕೆ ಹಿಮವೂ ಒಲೆಯಂತೆ. ಹೀಗೆ ಶಾಖ ಕುಡಿದು ಆವಿಯಾದುದನ್ನು ಕಂಪ್ರೆಸರ್ ಒತ್ತಿದಾಗ ಅದು ಕಾಯುತ್ತದೆ. ಮನೆಯೊಳಗೆ ಬಂದು ಮತ್ತೆ ದ್ರವವಾಗುವಾಗ ಕುಡಿದ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಇಷ್ಟೇ ಗುಟ್ಟು.

ಇಪ್ಪತ್ತೆಂಟರ ಇಬ್ಬರು ತರುಣರು

ಆವಿಯಾಗುವ ದ್ರವ ತಂಪು ಉಂಟುಮಾಡುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ಎಂಬ ವೈದ್ಯರು 1756ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದರು. ಆದರೆ ಶಾಖಕ್ಕೂ ದುಡಿಮೆಗೂ ಇರುವ ಸಂಬಂಧದ ಲೆಕ್ಕ ಹಾಕಿದವರು ಫ್ರಾನ್ಸಿನ ಸಾದಿ ಕಾರ್ನೋ. 1824ರಲ್ಲಿ ಅವರ ಪುಸ್ತಕ ಹೊರಬಂದಾಗ ಅವರಿಗೆ 28 ವರ್ಷ. ಶಾಖ ಎತ್ತರದಿಂದ ತಗ್ಗಿಗೆ ಇಳಿಯುವಾಗ ಯಂತ್ರ ನಡೆಯುತ್ತದೆ. ಅದೇ ಯಂತ್ರವನ್ನು ಹಿಮ್ಮೊಗವಾಗಿ ನಡೆಸಿದರೆ ಶಾಖ ತಗ್ಗಿನಿಂದ ಎತ್ತರಕ್ಕೆ ಏರುತ್ತದೆ. ಈ ಮಾತಿನಲ್ಲೇ ಹೀಟ್ ಪಂಪಿನ ಬೀಜವಿದೆ. ಪುಸ್ತಕಕ್ಕೆ ಓದುಗರು ಸಿಗುವ ಮೊದಲೇ, 1832ರಲ್ಲಿ, ಕಾಲರಾ ಬೇನೆಯಿಂದ ಕಾರ್ನೋ ತೀರಿಕೊಂಡರು.

ಕಾರ್ನೋ ಪುಸ್ತಕ ಬಂದ ವರ್ಷವೇ ಬೆಲ್‌ಫಾಸ್ಟಿನಲ್ಲಿ ಒಂದು ಮಗು ಹುಟ್ಟಿತು. ಅದೇ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದ ಥಾಮ್ಸನ್, 1852ರ ಕೊನೆಯಲ್ಲಿ, ಅವರೂ 28ರ ವಯಸ್ಸಿನಲ್ಲಿ, ಗಾಳಿಯನ್ನು ಹಿಗ್ಗಿಸಿ ಕುಗ್ಗಿಸಿ ಕಟ್ಟಡಗಳನ್ನು ಬಿಸಿ ಅಥವಾ ತಂಪು ಮಾಡುವ ಯಂತ್ರವೊಂದರ ಲೆಕ್ಕ ಮಂಡಿಸಿದರು. ಕಲ್ಲಿದ್ದಲನ್ನು ಕೋಣೆಯಲ್ಲೇ ಸುಡುವ ಬದಲು ಅದರಿಂದ ಒಂದು ಎಂಜಿನ್ ನಡೆಸಿ, ಆ ಎಂಜಿನ್ನಿನಿಂದ ಹೊರಗಿನ ಶಾಖವನ್ನು ಎತ್ತಿ ತಂದರೆ ಬಹು ಕಡಿಮೆ ಇಂಧನ ಸಾಕು ಎಂದು ತೋರಿಸಿದರು. ಒಂದೇ ಯಂತ್ರ ಬೇಸಿಗೆಗೂ ಚಳಿಗಾಲಕ್ಕೂ ಒದಗುತ್ತದೆ ಎಂಬ ಮಾತು, ನಮ್ಮ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯ ಜಾಹೀರಾತಿನ ಮಾತು, ಅಂದೇ ಹೇಳಿ ಆಗಿತ್ತು.

ಯಾರೂ ಕಟ್ಟಿಸಲಿಲ್ಲ. ಗ್ಲಾಸ್ಗೋ ಎಂದರೆ ಕಲ್ಲಿದ್ದಲಿನ ನಾಡು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವವರು ಯಾರು? ಆದರೆ ಆಸ್ಟ್ರಿಯದ ಎಬೆನ್‌ಸೇ ಎಂಬಲ್ಲಿ, ಉಪ್ಪುನೀರನ್ನು ಕಾಯಿಸಿ ಉಪ್ಪು ತೆಗೆಯಲು ಕಾಡಿನ ಸೌದೆ ಲೆಕ್ಕವಿಲ್ಲದೆ ಸುಟ್ಟುಹೋಗುತ್ತಿತ್ತು. ಅಲ್ಲಿ 1856-57ರ ಸುಮಾರಿಗೆ ಪೀಟರ್ ಫಾನ್ ರಿಟ್ಟಿಂಗರ್ ಎಂಬ ಎಂಜಿನಿಯರು, ಹೊರಹೋಗುವ ಆವಿಯನ್ನೇ ಒತ್ತಿ ಅದರ ಶಾಖವನ್ನು ಮತ್ತೆ ಬಳಸುವ ಯಂತ್ರ ಹೂಡಿದರು. ಸೌದೆಯ ಕೊರತೆಯೇ ಮೊದಲ ಹೀಟ್ ಪಂಪಿನ ತಾಯಿ.

ಬಾಸ್ಟನ್ನಿನಿಂದ ಮದರಾಸಿಗೆ ಹೋದ ತಂಪು

ಇದೇ ಕಾಲದಲ್ಲಿ ನಮ್ಮ ಬಾಸ್ಟನ್ನಿನ ಸುತ್ತಲಿನ ಕೆರೆಗಳಲ್ಲಿ ಇನ್ನೊಂದು ವ್ಯಾಪಾರ ನಡೆದಿತ್ತು. ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಇಲ್ಲಿನ ಮಂಜುಗಡ್ಡೆಯನ್ನು ಕೊಯ್ಯಿಸಿ ಹಡಗಿನಲ್ಲಿ ತುಂಬಿ, 1833ರಲ್ಲಿ ಕಲಕತ್ತೆಗೆ ಕಳಿಸಿದ. 180 ಟನ್ನು ಹೊತ್ತು ಹೊರಟ ಹಡಗು ನಾಲ್ಕು ತಿಂಗಳ ಮೇಲೆ ತಲುಪಿದಾಗ 100 ಟನ್ನಿನಷ್ಟು ಉಳಿದಿತ್ತು. ಮದರಾಸಿನ ಕಡಲ ದಂಡೆಯಲ್ಲಿ ಇದಕ್ಕಾಗಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಮನೆಗೆ ಈಗ ಅವರದೇ ಹೆಸರು. ಶಾಖ, ತಂಪು ಎಂಬುವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದಾದ ಸರಕು ಎಂಬುದು ನಮ್ಮ ಎರಡೂ ಊರುಗಳಿಗೆ ಹಳೆಯ ಸಂಗತಿಯೇ.

ಆ ವ್ಯಾಪಾರವನ್ನು ಮುಗಿಸಿದ್ದು ಮಂಜುಗಡ್ಡೆ ಮಾಡುವ ಯಂತ್ರ. ದ್ರವವನ್ನು ಆವಿ ಮಾಡಿ, ಒತ್ತಿ, ಮತ್ತೆ ದ್ರವ ಮಾಡುವ ಸುತ್ತಿಗೆ ಜೇಕಬ್ ಪರ್ಕಿನ್ಸ್ ಎಂಬ ಅಮೆರಿಕನ್ 1834ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದ. ಆತ ಹುಟ್ಟಿದ್ದು ಇಲ್ಲೇ ಮ್ಯಾಸಚೂಸೆಟ್ಸಿನ ನ್ಯೂಬರಿಪೋರ್ಟಿನಲ್ಲಿ. ಹೀಗಾಗಿ ತಂಪು ಮಾಡುವ ಯಂತ್ರ ಮುಂದೆ ನಡೆಯಿತು. ಅದನ್ನೇ ತಿರುಗಿಸಿ ಬೆಚ್ಚಗೆ ಮಾಡುವ ಉಪಾಯ ಮಾತ್ರ ಕಪಾಟಿನಲ್ಲಿ ಉಳಿಯಿತು.

ಮೊದಲ ಮನೆ, ಮೊದಲ ನಗರ

ಆ ಕಪಾಟು ತೆರೆದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಎಂಜಿನಿಯರ್ ಗ್ರೇಮ್ ಹಾಲ್ಡೇನ್. 1920ರ ದಶಕದ ಕೊನೆಗೆ ತಮ್ಮ ಸ್ವಂತ ಮನೆಯಲ್ಲೇ ಹೀಟ್ ಪಂಪು ಹೂಡಿ, 1930ರಲ್ಲಿ ಅದರ ಲೆಕ್ಕಾಚಾರವನ್ನು ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಮುಂದಿಟ್ಟರು. ಸ್ವಿಟ್ಜರ್ಲೆಂಡಿಗೆ ಕಲ್ಲಿದ್ದಲಿಲ್ಲ, ಜಲವಿದ್ಯುತ್ತು ಯಥೇಚ್ಛ. ಯುದ್ಧದ ಮೋಡ ಕವಿದಿದ್ದ 1938ರಲ್ಲಿ ಜೂರಿಕ್ ನಗರ ತನ್ನ ಹಳೆಯ ಪುರಭವನವನ್ನು ಪಕ್ಕದ ಲಿಮ್ಮಾಟ್ ಹೊಳೆಯ ತಣ್ಣೀರಿನ ಶಾಖದಿಂದ ಬೆಚ್ಚಗೆ ಮಾಡಿತು. ಆ ಯಂತ್ರ 2001ರವರೆಗೆ, 63 ವರ್ಷ, ದುಡಿಯಿತು. ಚೆನ್ನಾಗಿ ಹೂಡಿದ ಯಂತ್ರ ಎಷ್ಟು ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಲ್ಲಿದ್ದಲಿಗೆ ರೇಷನ್ ಇದ್ದ ಇಂಗ್ಲೆಂಡಿನ ನಾರ್ವಿಚ್ಚಿನಲ್ಲಿ 1945ರಲ್ಲಿ ಜಾನ್ ಸಮ್ನರ್ ಎಂಬವರು ಹಳೆಯ ಬಿಡಿಭಾಗ ಜೋಡಿಸಿ ಹೊಳೆಯ ನೀರಿನಿಂದ ಕಚೇರಿ ಕಟ್ಟಡವನ್ನು ಕಾಯಿಸಿದರು. ಅಮೆರಿಕದಲ್ಲಿ ಜಲವಿದ್ಯುತ್ತು ಅಗ್ಗವಾಗಿದ್ದ ಒರೆಗಾನಿನ ಪೋರ್ಟ್‌ಲೆಂಡಿನಲ್ಲಿ, 1948ರ ಇಕ್ವಿಟಬಲ್ ಬಿಲ್ಡಿಂಗ್ ಹೀಟ್ ಪಂಪಿನಿಂದಲೇ ಬಿಸಿಯೂ ತಂಪೂ ಆಯಿತು.

ಇಲ್ಲಿಂದ ಮುಂದೆ ಏಳುಬೀಳು. 1950ರ ದಶಕದಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ಮನೆಗಳಿಗೆ ಹೀಟ್ ಪಂಪು ಮಾರಿದವು. 1960ರ ದಶಕದಲ್ಲಿ ಅವು ಕೆಟ್ಟು ನಿಲ್ಲತೊಡಗಿದವು. ಬೇಸಿಗೆಯ ತಂಪಿಗೆಂದು ಮಾಡಿದ ಕಂಪ್ರೆಸರುಗಳನ್ನು ಚಳಿಯಲ್ಲಿ ದುಡಿಸಿದಾಗ, ಆವಿಯಾಗದೆ ಉಳಿದ ದ್ರವ ಒಳಗೆ ನುಗ್ಗಿ ಅವನ್ನು ಮುರಿಯುತ್ತಿತ್ತು. ಹೂಡುವವರಿಗೂ ಸರಿಯಾದ ತರಬೇತಿ ಇರಲಿಲ್ಲ. "ಹೀಟ್ ಪಂಪು ಚಳಿಗೆ ಆಗದು" ಎಂಬ ಗಾದೆ ಹುಟ್ಟಿದ್ದು ಆಗ. ನಮ್ಮ ಕೂಟಗಳಲ್ಲಿ ಇಂದೂ ಕೇಳಿಬರುವ ಸಂಶಯದ ಬೇರು ಅಲ್ಲಿದೆ. 1973ರ ತೈಲ ಬಿಕ್ಕಟ್ಟು ಬಂದಾಗ ಜನ ಮತ್ತೆ ಇದರ ಬಾಗಿಲು ತಟ್ಟಿದರು.

ಡಕ್ಟ್ ಏಕೆ ಮಾಯವಾಯಿತು?

ಅಮೆರಿಕದ ಬಹಳಷ್ಟು ಮನೆಗಳಿಗೆ ನೆಲಮಾಳಿಗೆಯಲ್ಲೊಂದು ಕುಲುಮೆ, ಅಲ್ಲಿಂದ ತಗಡಿನ ಡಕ್ಟುಗಳಲ್ಲಿ ಬಿಸಿಗಾಳಿ. ಮನೆಯೆಲ್ಲ ಒಂದೇ ಹದ. ಜಪಾನಿನ ಮನೆಯ ರೀತಿ ಬೇರೆ. ಅಲ್ಲಿ ಮನೆಯನ್ನು ಕಾಯಿಸುವುದಿಲ್ಲ, ಮನುಷ್ಯನನ್ನು ಕಾಯಿಸುತ್ತಾರೆ. ನಮ್ಮಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಟ್ಟಂತೆ, ಕೆಳಗೆ ಕೆಂಡವೋ ಹೀಟರೋ ಇಟ್ಟು ರಜಾಯಿ ಹೊದಿಸಿದ 'ಕೊತಾತ್ಸು' ಎಂಬ ಗಿಡ್ಡ ಮೇಜಿನ ಸುತ್ತ ಮನೆಮಂದಿ ಕೂರುತ್ತಿದ್ದರು. ಆ ಮರದ ಮನೆಗಳಲ್ಲಿ ಡಕ್ಟಿಗೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ.

ಆದ್ದರಿಂದಲೇ ಜಪಾನಿನ ಕಂಪನಿಗಳು 1960ರ ದಶಕದಲ್ಲಿ ಯಂತ್ರವನ್ನು ಎರಡಾಗಿ ಸೀಳಿದವು. ಸದ್ದು ಮಾಡುವ ಕಂಪ್ರೆಸರ್ ಹೊರಗೆ. ಸಣ್ಣ ಫ್ಯಾನಿನ ಪೆಟ್ಟಿಗೆ ಒಳಗೆ. ನಡುವೆ ಎರಡು ತಾಮ್ರದ ಕೊಳವೆ. ಇದೇ ಸ್ಪ್ಲಿಟ್. ಮಿತ್ಸುಬಿಷಿ ಎಲೆಕ್ಟ್ರಿಕ್ 1968ರಲ್ಲಿ ಉದ್ದನೆಯ ಉರುಳೆಯಾಕಾರದ ಫ್ಯಾನು ಬಳಸಿ ಅದನ್ನು ಗೋಡೆಯ ಮೇಲಕ್ಕೇರಿಸಿತು. ತೈಲವನ್ನೆಲ್ಲ ಹೊರಗಿನಿಂದ ತರಿಸುವ ಆ ದೇಶಕ್ಕೆ 1973ರ ಪೆಟ್ಟು ಜೋರಾಗಿಯೇ ಬಿತ್ತು. 1979ರಲ್ಲಿ ಇಂಧನ ಉಳಿತಾಯದ ಕಾನೂನೇ ಬಂತು. ತೋಷಿಬಾ ಕಂಪನಿ 1980ರಲ್ಲಿ ಅಂಗಡಿ-ಕಚೇರಿಗಳಿಗೂ 1981ರ ಕೊನೆಯಲ್ಲಿ ಮನೆಗಳಿಗೂ 'ಇನ್ವರ್ಟರ್' ಯಂತ್ರ ತಂದಿತು. ಹಳೆಯ ಕಂಪ್ರೆಸರ್ ಸೌದೆ ಒಲೆಯಿದ್ದಂತೆ: ಹತ್ತಿದರೆ ಪೂರ್ತಿ ಉರಿ, ಇಲ್ಲವೇ ಬೂದಿ. ಇನ್ವರ್ಟರ್ ಗ್ಯಾಸ್ ಒಲೆಯ ಗುಬಟಿನಂತೆ: ಬೇಕಾದಷ್ಟೇ ಉರಿ. ಚಳಿ ಹೆಚ್ಚಿದರೆ ವೇಗ, ತಗ್ಗಿದರೆ ನಿಧಾನ. ಚಳಿನಾಡಿನಲ್ಲಿ ಈ ಯಂತ್ರ ಗೆಲ್ಲಲು ಮುಖ್ಯ ಕಾರಣ ಇದೇ.

ನಾರ್ವೆಯಲ್ಲಿ 2002-03ರ ಚಳಿಗಾಲ ವಿದ್ಯುತ್ತಿನ ಬೆಲೆ ಗಗನಕ್ಕೇರಿದಾಗ ಜನ ಇಂಥ ಯಂತ್ರಗಳಿಗೆ ಮುಗಿಬಿದ್ದರು. ನಮ್ಮ ನೆರೆಯ ಮೇನ್ ರಾಜ್ಯದ ಮನೆಗಳು ಹೆಚ್ಚಾಗಿ ಎಣ್ಣೆಯನ್ನೇ ನಂಬಿದವು. 2025ರೊಳಗೆ ಒಂದು ಲಕ್ಷ ಹೀಟ್ ಪಂಪು ಎಂದು ಆ ರಾಜ್ಯ 2019ರಲ್ಲಿ ಗುರಿ ಇಟ್ಟುಕೊಂಡು, 2023ರಲ್ಲೇ ಮುಟ್ಟಿತು. ಚಳಿ ಪ್ರದೇಶಕ್ಕೆಂದೇ ಮಾಡಿದ ಇಂದಿನ ಮಾದರಿಗಳು ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೂ ನಡೆಯುತ್ತವೆ. ಅಂಥ ಚಳಿಯಲ್ಲಿ ಮೂರು ಪಾಲಿನ ಲಾಭ ಎರಡಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ ಎಂಬುದನ್ನೂ ಹೇಳಬೇಕು. ಊರಲ್ಲಿ ನಾವು ಕಂಡ ಎ.ಸಿ. ಬಹುಮಟ್ಟಿಗೆ ತಂಪಿಗಷ್ಟೇ ಮಾಡಿದ್ದು. ಗ್ಯಾಸಿನ ದಾರಿಯನ್ನು ತಿರುಗಿಸುವ ನಾಲ್ಕು ಬಾಯಿಯ ವಾಲ್ವು ಅದರಲ್ಲಿಲ್ಲ. "ಅದೇ ಎ.ಸಿ. ತಾನೆ?" ಎಂಬುದಕ್ಕೆ ಉತ್ತರ ಇದು: ಅಣ್ಣ ತಮ್ಮಂದಿರು, ಆದರೆ ಒಬ್ಬನೇ ಅಲ್ಲ.

ಗ್ಯಾಸಿನ ಪಾಠ

ಮೊದಮೊದಲು ಇಂಥ ಯಂತ್ರಗಳಲ್ಲಿ ಇದ್ದದ್ದು ಅಮೋನಿಯ, ಸಲ್ಫರ್ ಡೈಆಕ್ಸೈಡ್‌ನಂಥ ವಿಷದ ಗ್ಯಾಸುಗಳು. ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು 1928ರಲ್ಲಿ ರೂಪಿಸಿ 1930ರಲ್ಲಿ ಜಗತ್ತಿಗೆ ತೋರಿಸಿದ ಫ್ರಿಯಾನ್ ಸುಡದು, ವಿಷವಲ್ಲ. ವರದಾನವೆಂದೇ ಎಲ್ಲರೂ ನಂಬಿದರು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅದು ಆಕಾಶದ ಓಜೋನ್ ಪದರವನ್ನು ತಿನ್ನಬಹುದೆಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಪದರ ತೆಳುವಾದದ್ದು ಬಯಲಾಯಿತು; 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅಮೆರಿಕದಲ್ಲಿ ಆರ್-22 ತಯಾರಿ, ಆಮದು 2020ಕ್ಕೆ ನಿಂತವು. ಅದರ ಬದಲಿಗೆ ಬಂದ ಆರ್-410ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲಾಮ್ಲದ ಎರಡು ಸಾವಿರ ಪಟ್ಟು ಗಟ್ಟಿ. ಹಾಗಾಗಿ 2025ರಿಂದ ಹೊಸ ಯಂತ್ರಗಳು ಆರ್-32, ಆರ್-454ಬಿ ಕಡೆಗೆ ಹೊರಳಿವೆ. ಇವು ಸ್ವಲ್ಪ ಮಟ್ಟಿಗೆ ಉರಿಯಬಲ್ಲವು. ಗ್ಯಾಸು ಸೋರಿದರೆ ಯಂತ್ರವೂ ಹಾಳು, ಗಾಳಿಯೂ ಹಾಳು. ಕೊಳವೆಯ ಕೀಲು ಬಿಗಿಯಾಗಿರಬೇಕೆಂಬುದು ಬರೀ ಮೇಸ್ತ್ರಿಯ ಮಾತಲ್ಲ.

ಚರಿತ್ರೆಯಿಂದ ಗೋಡೆಯವರೆಗೆ

1960ರ ದಶಕದಲ್ಲಿ ಯಂತ್ರದಷ್ಟೇ ಹೂಡಿದ ಕೈಯೂ ಸೋತಿತ್ತು. ಇಂದು ಯಂತ್ರ ಗಟ್ಟಿಯಾಗಿದೆ. ಕೈಯನ್ನು ನಾವೇ ಪರೀಕ್ಷಿಸಬೇಕು. ನಮ್ಮ ಮನೆಗೆ ಬೆಲೆ ಹೇಳಲು ಮೂವರು ಕಂಟ್ರಾಕ್ಟರು ಬಂದಿದ್ದರು. ಇಬ್ಬರು ಬಾಗಿಲಲ್ಲಿ ನಿಂತು ಮನೆಯ ಚದರಡಿ ಕೇಳಿ ಬೆಲೆ ಬರೆದುಕೊಟ್ಟರು. ಮೂರನೆಯವರು ಎರಡು ಗಂಟೆ ಕಿಟಕಿ ಅಳೆದು, ಅಟ್ಟ ಹತ್ತಿ ಇನ್ಸುಲೇಷನ್ ನೋಡಿ, ಪ್ರತಿ ಕೋಣೆಯಿಂದ ಸೋರುವ ಶಾಖದ ಲೆಕ್ಕ ಹಾಕಿದರು. ಆ ಲೆಕ್ಕದ ಪ್ರಕಾರ ಬೇಕಾದದ್ದು ಉಳಿದಿಬ್ಬರು ಹೇಳಿದ್ದಕ್ಕಿಂತ ಸಣ್ಣ ಯಂತ್ರ. ಅಗತ್ಯಕ್ಕಿಂತ ದೊಡ್ಡದಾದರೆ ಇನ್ವರ್ಟರಿನ ನಿಧಾನದ ಲಾಭ ಹೋಗುತ್ತದೆ. ಹತ್ತಿ ಆರಿ, ಹತ್ತಿ ಆರಿ ಸವೆಯುತ್ತದೆ. ಲೆಕ್ಕ ಹಾಕಿದವರಿಗೇ ಕೆಲಸ ಕೊಟ್ಟೆವು.

ಆ ದಿನ ಕೆಲಸಗಾರರು ಹೊರಗೋಡೆಗೆ ಸುಮಾರು 3 ಇಂಚಿನ ತೂತು ಕೊರೆದರು. ಬೇಸಿಗೆಯಲ್ಲಿ ಒಳಪೆಟ್ಟಿಗೆಯಲ್ಲಿ ಕೂಡುವ ನೀರು ಇಳಿದುಹೋಗಲೆಂದು ತೂತು ಹೊರಕ್ಕೆ ಇಳಿಜಾರಾಗಿರಬೇಕು. ಹೊರಪೆಟ್ಟಿಗೆಯನ್ನು ನೆಲಕ್ಕೆ ಇಡದೆ ಹಿಮದ ಮಟ್ಟಕ್ಕಿಂತ ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟರು. ಸೂರಿನ ನೀರು, ಮಂಜು ಅದರ ತಲೆಯ ಮೇಲೆ ಬೀಳುವಂತಿರಬಾರದು. ಕೊಳವೆಗೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುವುದೇ ಎಂದು ಕಾದರು. ಆಮೇಲೆ ಪಂಪಿನಿಂದ ಗಾಳಿ, ತೇವ ಎಲ್ಲ ಹೀರಿ ತೆಗೆದರು. ಮೀಟರು 500 ಮೈಕ್ರಾನಿಗಿಂತ ಕೆಳಗೆ ಇಳಿದು ಅಲ್ಲೇ ನಿಲ್ಲಬೇಕು. ಈ ಎರಡು ಹೆಜ್ಜೆಗೆ ಸಮಯ ಹಿಡಿಯುತ್ತದೆ, ಅವಸರದವರು ಹಾರಿಸುವುದೂ ಇವನ್ನೇ. ಎದುರಿಗೆ ನಿಂತು "ಮೀಟರು ತೋರಿಸಿ" ಎನ್ನುವ ಹಕ್ಕು ನಿಮಗಿದೆ. ಪ್ರತ್ಯೇಕ ವಿದ್ಯುತ್ ಸರ್ಕೀಟು, ಊರಿನ ಪರ್ಮಿಟ್ಟು ಎರಡೂ ಬೇಕು.

ಊರಿಂದ ಬಂದ ಹಿರಿಯರು ಇರುವ ಮನೆಗಳಿಗೆ ಎರಡು ಮಾತು. ಒಳಪೆಟ್ಟಿಗೆಯನ್ನು ಅವರ ಹಾಸಿಗೆಯ ನೇರಕ್ಕೆ ಹಾಕಿಸಬೇಡಿ. ಮುಖಕ್ಕೆ ಗಾಳಿ ಬಡಿದರೆ ಬೆಚ್ಚಗಿದ್ದರೂ ಅವರಿಗೆ ಚಳಿಯೇ. ಇನ್ನೊಂದು: ಚಳಿಯಲ್ಲಿ ಹೊರಪೆಟ್ಟಿಗೆಯ ಮೇಲೆ ಮಂಜು ಕಟ್ಟಿದಾಗ ಯಂತ್ರ ಕೆಲವು ನಿಮಿಷ ದಿಕ್ಕು ತಿರುಗಿಸಿ ಅದನ್ನು ಕರಗಿಸುತ್ತದೆ. ಆಗ ಬುಸ್ಸೆಂದು ಆವಿ ಏಳುತ್ತದೆ. ಹಾಸನದಿಂದ ಬಂದಿದ್ದ ಸ್ನೇಹಿತರ ತಾಯಿಯವರು ಕಿಟಕಿಯಿಂದ ಇದನ್ನು ನೋಡಿ, "ಏಳೋ ಮಗಾ, ಹೊರಗೆ ಮಿಷನ್ನಿಗೆ ಬೆಂಕಿ ಹತ್ತಿದೆ ಕಣೋ!" ಎಂದು ಮನೆಮಂದಿಯನ್ನೆಲ್ಲ ಎಬ್ಬಿಸಿದ್ದರು. ಮೊದಲೇ ಹೇಳಿಡಿ. ಹಾಗೆಯೇ "ಸುಮ್ಮನೆ ಯಾಕೆ ಓಡುತ್ತೆ?" ಎಂದು ರಾತ್ರಿ ಆರಿಸುವ ನಮ್ಮ ಊರಿನ ಅಭ್ಯಾಸ ಇಲ್ಲಿ ಲಾಭವಲ್ಲ. ಒಂದು ಹದಕ್ಕೆ ಇಟ್ಟು ಬಿಟ್ಟರೆ ಯಂತ್ರ ನಿಧಾನವಾಗಿ, ಕಡಿಮೆ ಖರ್ಚಿನಲ್ಲಿ ನಡೆಯುತ್ತದೆ.

ಹಳೆಯ ಬಾಯ್ಲರನ್ನು ಕಿತ್ತೆಸೆಯುವ ಅವಸರವೂ ಬೇಡ. ಅದು ಪೂರ್ತಿ ನಿಂತರೆ ನೆಲಮಾಳಿಗೆಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುವ ಅಪಾಯವಿದೆ. ಕೇಂದ್ರ ಸರ್ಕಾರದ 2022ರ ಕಾನೂನಿನಂತೆ 2,000 ಡಾಲರಿನವರೆಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿ 2025ರ ಕೊನೆಗೆ ಮುಗಿದಿದೆ. ರಾಜ್ಯದ, ವಿದ್ಯುತ್ ಕಂಪನಿಗಳ ರಿಯಾಯಿತಿ ವರ್ಷ ವರ್ಷಕ್ಕೆ ಬದಲಾಗುತ್ತದೆ. ಸಹಿ ಹಾಕುವ ಮೊದಲು ವಿಚಾರಿಸಿ. ನಿಮ್ಮ ಎಣ್ಣೆಯ ದರ, ವಿದ್ಯುತ್ತಿನ ದರ ಎರಡನ್ನೂ ಪಕ್ಕಪಕ್ಕ ಬರೆದು ಲೆಕ್ಕ ಮಾಡಿ. ಪಕ್ಕದ ಮನೆಯ ಉಳಿತಾಯ ನಿಮ್ಮದಾಗಬೇಕೆಂದಿಲ್ಲ.

ಎಣ್ಣೆಯ ಬೆಲೆ ಇಳಿದಾಗ ಈ ಯಂತ್ರವನ್ನು ಜನ ಮತ್ತೊಮ್ಮೆ ಮರೆಯಬಹುದು. ಚರಿತ್ರೆಯಲ್ಲಿ ಹಾಗೇ ಆಗುತ್ತ ಬಂದಿದೆ. ಆದರೆ ಜೂರಿಕ್ಕಿನ ಪುರಭವನದವರು ಮರೆಯಲಿಲ್ಲ. ಅವರು ಒಮ್ಮೆ ಸರಿಯಾಗಿ ಹೂಡಿದರು, 63 ವರ್ಷ ಬೆಚ್ಚಗಿದ್ದರು. ಸದಸ್ಯರಲ್ಲಿ ಯಾರಾದರೂ ಒಂದು ಪೂರ್ತಿ ಚಳಿಗಾಲ ಇದರ ಜೊತೆ ಕಳೆದಿದ್ದರೆ, ಬಿಲ್ಲಿನ ಅಂಕಿಗಳ ಸಮೇತ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಹೊಸಬರಿಗೆ ಜಾಹೀರಾತಿಗಿಂತ ಅದೇ ಹೆಚ್ಚು ಉಪಯೋಗ.